ಬೆರಳ ತುದಿಯ ಕನ್ನಡ

ಕಣ್ಣು ಕಾಣದವರು ಬೆರಳಿನಿಂದ ಓದುವ ಕನ್ನಡಕ್ಕೆ ಭಾರತಿ ಬ್ರೈಲ್ ಎಂಬ ಲಿಪಿ ಪದ್ಧತಿ ಆಧಾರ. 1951ರಲ್ಲಿ ರೂಪುಗೊಂಡ ಈ ಪದ್ಧತಿಯ ಹಿಂದೆ ಅರ್ಧ ಶತಮಾನದ ಗೊಂದಲವಿದೆ. ಅದರ ನಂತರ ಕಂಪ್ಯೂಟರ್ ಮತ್ತು ಕಾನೂನುಗಳ ಅಧ್ಯಾಯಗಳಿವೆ. ಇವೆಲ್ಲದರ ಉದ್ದಕ್ಕೂ ಅಂಧರ ಬೇಡಿಕೆ ಮಾತ್ರ ಒಂದೇ ಆಗಿದೆ: ಓದಿ ಹೇಳುವವರಿಗಾಗಿ ಕಾಯದೆ, ಬೇಕಾದದ್ದನ್ನು ಬೇಕಾದಾಗ ತಾವೇ ಓದಬೇಕು.

ಶಾಲೆ ಮತ್ತು ಲಿಪಿಗಳಿಗಿಂತ ಮೊದಲು ಅಂಧರ ಕಲಿಕೆ ಕಿವಿ ಮತ್ತು ನೆನಪನ್ನು ನಂಬಿತ್ತು. ಆ ದಾರಿಗೆ ಕನ್ನಡ ನಾಡಿನಲ್ಲಿ ಘನತೆ ತಂದದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಲ್ಲಿ ಅಂಧ ಮಕ್ಕಳಿಗೆ ಅನ್ನ, ಆಶ್ರಯ ಮತ್ತು ಸಂಗೀತ ವಿದ್ಯೆಯನ್ನು ಕೊಟ್ಟರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, 2010ರಲ್ಲಿ ಕೊನೆಯುಸಿರೆಳೆಯುವ ತನಕ ಆ ಕೆಲಸ ನಡೆಸಿದರು. ಅಲ್ಲಿ ಕಲಿತ ಎಷ್ಟೋ ಮಂದಿ ಗಾಯನ, ವಾದನಗಳಿಂದ ಸ್ವಂತ ಜೀವನ ಕಟ್ಟಿಕೊಂಡರು. ಆದರೆ ಗಣಿತ, ವಿಜ್ಞಾನ, ಕಾನೂನಿನಂಥ ವಿದ್ಯೆಗಳಿಗೆ ಮುಟ್ಟಿ ಓದುವ ಪುಸ್ತಕವೇ ಬೇಕಿತ್ತು.

ಅಂಥ ಪುಸ್ತಕದ ಹಾದಿ ತೆರೆದವನು ಫ್ರಾನ್ಸಿನ ಲೂಯಿ ಬ್ರೈಲ್. 1809ರಲ್ಲಿ ಹುಟ್ಟಿದ ಈತ ಮೂರನೆಯ ವಯಸ್ಸಿನಲ್ಲಿ, ತಂದೆಯ ಚರ್ಮದ ಕೆಲಸದ ಕೋಣೆಯಲ್ಲಿ ಹರಿತವಾದ ಹತ್ಯಾರ ತಾಗಿ ಒಂದು ಕಣ್ಣಿಗೆ ಗಾಯ ಮಾಡಿಕೊಂಡ. ಸೋಂಕು ಹರಡಿ ಎರಡೂ ಕಣ್ಣು ಹೋದವು. ಪ್ಯಾರಿಸಿನ ಅಂಧರ ಶಾಲೆಯಲ್ಲಿ ಆಗ ಇದ್ದದ್ದು ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ ದಪ್ಪ ಪುಸ್ತಕಗಳು. ಅವನ್ನು ಬೆರಳಿನಿಂದ ಓದುವುದು ಬಹಳ ನಿಧಾನ, ಅದೇ ಬಗೆಯಲ್ಲಿ ಬರೆಯುವುದಂತೂ ಆಗದ ಮಾತು. ಚಾರ್ಲ್ಸ್ ಬಾರ್ಬಿಯೇ ರೂಪಿಸಿದ್ದ ಹನ್ನೆರಡು ಚುಕ್ಕಿಗಳ ಪದ್ಧತಿಯನ್ನು ಬ್ರೈಲ್ ಆರು ಚುಕ್ಕಿಗಳಿಗೆ ಇಳಿಸಿದ. ಒಂದು ಅಕ್ಷರ ಇಡಿಯಾಗಿ ಬೆರಳ ತುದಿಯ ಕೆಳಗೆ ಬಂತು. 1829ರಲ್ಲಿ ಈ ಪದ್ಧತಿ ಪ್ರಕಟವಾದರೂ ಫ್ರಾನ್ಸ್ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಬ್ರೈಲ್ ತೀರಿಕೊಂಡು ಎರಡು ವರ್ಷಗಳಾದ ಮೇಲೆ.

ಭಾರತದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಮಿಷನರಿ ಆ್ಯನಿ ಶಾರ್ಪ್ ಅವರಿಂದ ಆರಂಭವಾಯಿತು. 1897ರಲ್ಲಿ ಲಾಲ್ ಬಿಹಾರಿ ಶಾ ಕಲ್ಕತ್ತೆಯಲ್ಲಿ ಶಾಲೆ ತೆರೆದರು. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಬಂತು. ಲಿಪಿಯ ವಿಷಯದಲ್ಲಿ ಮಾತ್ರ ಪ್ರತಿ ಪ್ರಾಂತ್ಯ ತನ್ನದೇ ಹಾದಿ ಹಿಡಿಯಿತು. ಶಾ ಬ್ರೈಲ್, ನೀಲಕಂಠರಾಯ್ ಬ್ರೈಲ್, ಓರಿಯಂಟಲ್ ಬ್ರೈಲ್, ಮೈಸೂರು ಬ್ರೈಲ್ ಹೀಗೆ ಹಲವು ಪದ್ಧತಿಗಳು ಬಳಕೆಗೆ ಬಂದವು. ಒಂದೇ ಚುಕ್ಕಿ ಗುಂಪಿಗೆ ಒಂದೊಂದು ಕಡೆ ಒಂದೊಂದು ಅರ್ಥ. ಪುಸ್ತಕಗಳೇ ವಿರಳವಾಗಿದ್ದ ಕಾಲದಲ್ಲಿ, ಒಂದು ಶಾಲೆಯ ಪುಸ್ತಕ ಇನ್ನೊಂದು ಶಾಲೆಗೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಸರ್ಕಾರವೇ ಒಂದೇ ಲಿಪಿಯ ಪ್ರಯತ್ನಕ್ಕೆ ಇಳಿಯಿತು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಡೆಹ್ರಾಡೂನಿನಲ್ಲಿ ತರಬೇತಿ ಕೇಂದ್ರ ತೆರೆದಾಗ ಅದರ ಹೊಣೆ ಹೊತ್ತವರು, ಈ ಲಿಪಿ ಪ್ರಯತ್ನದಲ್ಲೂ ತೊಡಗಿದ್ದ ಕ್ಲೂತ ಮೆಕೆಂಜಿ. ನ್ಯೂಜಿಲೆಂಡಿನ ಇವರು 1915ರಲ್ಲಿ ಗಲಿಪೊಲಿ ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡಿದ್ದರು. ಸ್ವಾತಂತ್ರ್ಯದ ನಂತರ, 1949ರಲ್ಲಿ, ಭಾರತ ಒಂದೇ ಲಿಪಿಯ ಪ್ರಶ್ನೆಯನ್ನು ಯುನೆಸ್ಕೊ ಮುಂದಿಟ್ಟಿತು. 1950ರಲ್ಲಿ ಪ್ಯಾರಿಸಿನಲ್ಲೂ 1951ರಲ್ಲಿ ಬೈರೂತಿನಲ್ಲೂ ನಡೆದ ಸಭೆಗಳು ಒಂದು ತತ್ವಕ್ಕೆ ಬಂದವು: ಭಾಷೆ ಯಾವುದೇ ಇರಲಿ, ಸಮಾನ ಧ್ವನಿಗೆ ಸಾಧ್ಯವಾದಷ್ಟೂ ಸಮಾನ ಚುಕ್ಕಿಗಳಿರಬೇಕು. ಭಾರತಿ ಬ್ರೈಲ್ ಹುಟ್ಟಿದ್ದು ಈ ಒಪ್ಪಂದದಿಂದ. ಅದೇ ವರ್ಷ ಡೆಹ್ರಾಡೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯವೂ ಆರಂಭವಾಯಿತು.

ಆರು ಚುಕ್ಕಿಗಳಿಂದ 63 ಗುರುತುಗಳು ಸಿಗುತ್ತವೆ. ಕನ್ನಡದ ಕಾಗುಣಿತ ಮತ್ತು ಒತ್ತಕ್ಷರಗಳಿಗೆ ಬೇರೆ ಬೇರೆ ಗುರುತು ಕೊಡಲು ಅವು ಸಾಲವು. ಭಾರತಿ ಬ್ರೈಲ್ ಅಕ್ಷರಗಳನ್ನು ಮೇಲೆ ಕೆಳಗೆ ಪೋಣಿಸದೆ ಸಾಲಾಗಿ ಇಡುತ್ತದೆ. ಕ ಎಂಬುದಕ್ಕೆ 1 ಮತ್ತು 3ನೆಯ ಚುಕ್ಕಿಗಳು. ಅದರ ಪಕ್ಕ ಇ ಬರೆದರೆ ಅದು ಕಿ. ಒತ್ತಕ್ಷರ ಬೇಕಾದಾಗ ವ್ಯಂಜನದ ಹಿಂದೆ 4ನೆಯ ಚುಕ್ಕಿಯೊಂದನ್ನೇ ಇಟ್ಟು ಅದರ ಅಕಾರವನ್ನು ತೆಗೆಯುತ್ತಾರೆ. ಹೀಗೆ ಕನ್ನಡ ಎಂಬ ಪದ ಕ, 4ನೆಯ ಚುಕ್ಕಿ, ನ, ನ, ಡ ಎಂಬ ಐದು ಚುಕ್ಕಿ ಗುಂಪುಗಳಲ್ಲಿ ಮುಗಿಯುತ್ತದೆ. ಹಿಂದಿ ಅಥವಾ ತೆಲುಗಿನ ಬ್ರೈಲ್‌ನಲ್ಲೂ ಕ ಎಂದರೆ ಅದೇ ಎರಡು ಚುಕ್ಕಿಗಳು. ಒಂದು ಲಿಪಿ ಕಲಿತವರಿಗೆ ನೆರೆಭಾಷೆಗಳ ಲಿಪಿಯೂ ಬಹುಪಾಲು ಬಂದಂತೆಯೇ.

ಬರೆಯಲು ಸ್ಲೇಟು ಎಂಬ ಪಟ್ಟಿಯಲ್ಲಿ ದಪ್ಪ ಕಾಗದ ಸಿಕ್ಕಿಸಿ, ಸ್ಟೈಲಸ್ ಎಂಬ ಮೊಳೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾರೆ. ಕಾಗದ ತಿರುವಿದಾಗ ಉಬ್ಬಿದ ಚುಕ್ಕಿಗಳನ್ನು ಎಡದಿಂದ ಬಲಕ್ಕೆ ಓದುತ್ತಾರೆ. ಲೆಕ್ಕಕ್ಕೆ ಟೇಲರ್ ಫ್ರೇಮ್ ಎಂಬ ಸಾಧನವಿದೆ. ಬ್ರೈಲಿನ ದೊಡ್ಡ ತೊಡಕು ಗಾತ್ರ. ಒಂದು ಪಠ್ಯಪುಸ್ತಕ ಹಲವು ಸಂಪುಟಗಳಾಗುತ್ತದೆ, ಮುದ್ರಣಕ್ಕೆ ಖರ್ಚೂ ಸಮಯವೂ ಹೆಚ್ಚು. ಶಾಲಾವರ್ಷ ಅರ್ಧ ಕಳೆದ ಮೇಲೆ ಕೈಸೇರುವ ಪುಸ್ತಕದಿಂದ ಮಗುವಿಗೆ ಆಗುವ ನಷ್ಟವನ್ನು ಆಮೇಲೆ ತುಂಬಿಕೊಡುವುದು ಕಷ್ಟ.

ಮಂದದೃಷ್ಟಿಯವರ ಅಗತ್ಯ ಬೇರೆಯೆಂಬ ತಿಳಿವಳಿಕೆ ತಡವಾಗಿ ಬಂತು. ಉಳಿದ ದೃಷ್ಟಿಯನ್ನು ಬಳಸಿದರೆ ಅದೂ ಸವೆದುಹೋಗುತ್ತದೆ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವೈದ್ಯರಲ್ಲೂ ಇತ್ತು. ತರಬೇತಿಯಿಂದ ಅಂಥ ದೃಷ್ಟಿಯ ಬಳಕೆ ಸುಧಾರಿಸುತ್ತದೆಂದು 1964ರಲ್ಲಿ ಅಮೆರಿಕದ ನಟಾಲಿ ಬರ್ರಾಗ ತೋರಿಸಿಕೊಟ್ಟರು. ದೊಡ್ಡಕ್ಷರದ ಪುಸ್ತಕ, ಭೂತಗನ್ನಡಿ, ಅಕ್ಷರಕ್ಕೂ ಹಿನ್ನೆಲೆಗೂ ಎದ್ದು ಕಾಣುವ ಬಣ್ಣವ್ಯತ್ಯಾಸ, ಸಾಕಷ್ಟು ಬೆಳಕು ಇವರಿಗೆ ಬೇಕಾದ ಅನುಕೂಲಗಳು.

ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇನ್ನೊಂದು ದೊಡ್ಡ ತಿರುವು. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ ಆರಂಭಿಸಿದ ಎನ್‌ವಿಡಿಎ ತಂತ್ರಾಂಶ ಉಚಿತವಾದ್ದರಿಂದ ಭಾರತದಲ್ಲೂ ಹರಡಿತು. ಈಸ್ಪೀಕ್ ಧ್ವನಿಯ ಮೂಲಕ ಅದು ಕನ್ನಡವನ್ನೂ ಓದುತ್ತದೆ. ಆದರೆ ಬರಹ ಯುನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕನ್ನಡದ ಒಳಗಿರುವುದು ರೋಮನ್ ಸಂಕೇತಗಳು. ಸ್ಕ್ರೀನ್ ರೀಡರ್ ಅವನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಸ್ಕ್ಯಾನ್ ಮಾಡಿದ ಪುಟ ಅದಕ್ಕೆ ಬರಿಯ ಚಿತ್ರ. ಹೀಗೆ ಕಣ್ಣಿಗೆ ಸ್ಫುಟವಾಗಿ ಕಾಣುವ ಕಡತವೇ ಅಂಧ ನೌಕರನಿಗೆ ಮುಚ್ಚಿದ ಪುಸ್ತಕವಾಗುತ್ತದೆ.

ಇಂಥ ಅನುಕೂಲಗಳನ್ನು ಹಕ್ಕಾಗಿಸಿದ್ದು ಕಾನೂನು. 1995ರ ಅಂಗವಿಕಲರ ಕಾಯ್ದೆ ಅಂಧರಿಗೂ ಮಂದದೃಷ್ಟಿಯವರಿಗೂ ಸರ್ಕಾರಿ ಹುದ್ದೆಗಳಲ್ಲಿ ಶೇ. 1 ಮೀಸಲಾತಿ ತಂದಿತು. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಬ್ರೈಲ್ ಅಥವಾ ಧ್ವನಿ ರೂಪಕ್ಕೆ ತರುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2013ರ ಮಾರ್ಗಸೂಚಿ ಪರೀಕ್ಷೆಯಲ್ಲಿ ಲಿಪಿಕಾರರ ನೆರವಿಗೂ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯಕ್ಕೂ ಅವಕಾಶ ನೀಡಿತು. 2016ರ ಅಂಗವಿಕಲರ ಕಾಯ್ದೆ ಇನ್ನೂ ಮುಂದೆ ಹೋಗಿ, ಸೂಕ್ತ ಅನುಕೂಲವನ್ನು ನಿರಾಕರಿಸುವುದನ್ನೇ ತಾರತಮ್ಯವೆಂದು ಕರೆಯಿತು. ಈಗ ಅನುಕೂಲ ಒದಗಿಸುವುದು ಶಾಲೆ, ಕಚೇರಿಗಳ ಕರ್ತವ್ಯ. ಬ್ರೈಲ್, ದೊಡ್ಡಕ್ಷರ, ಧ್ವನಿ ಇವುಗಳಲ್ಲಿ ಯಾವುದು ಬೇಕೆಂದು ಹೇಳಬೇಕಾದವರು ಓದುವವರೇ.