ಬಲ್ಮಠದ ದೇವಜ್ಞಾನಶಾಲೆಯೂ ದೇಶೀಯ ಬೋಧಕರೂ

ಒಂದು ದೇಶದಲ್ಲಿ ಹುಟ್ಟಿದ ಮತವು ಮತ್ತೊಂದು ದೇಶಕ್ಕೆ ಬಂದಾಗ, ಅದನ್ನು ಮೊದಲು ಹೊತ್ತು ತರುವವರು ಪರದೇಶದವರೇ ಆಗಿರುವುದು ಸಹಜವು. ಆದರೆ ಆ ಮತವು ಅಲ್ಲಿ ನೆಲೆಗೊಳ್ಳುವುದೋ ಇಲ್ಲವೋ ಎಂಬುದು ತಂದವರ ಕೈಯಲ್ಲಿರುವುದಿಲ್ಲ. ಅವರಿಂದ ಕಲಿತ ಆ ನೆಲದ ಜನರ ಕೈಯಲ್ಲಿರುವುದು. ಸಿಂಹಳದ ಬೌದ್ಧ ಪರಂಪರೆಯಲ್ಲಿ ಇದಕ್ಕೊಪ್ಪುವ ಒಂದು ಕಥೆಯುಂಟು. ಧರ್ಮವು ತನ್ನ ದ್ವೀಪದಲ್ಲಿ ಯಾವಾಗ ಬೇರೂರುವುದೆಂದು ಅಲ್ಲಿಯ ಅರಸನು ಮಹೇಂದ್ರ ಸ್ಥವಿರನನ್ನು ಕೇಳಿದನಂತೆ. ಸಿಂಹಳದ ತಾಯಿತಂದೆಗಳಿಗೆ ಹುಟ್ಟಿದವನೊಬ್ಬನು ಸಿಂಹಳದಲ್ಲಿಯೇ ಭಿಕ್ಷುವಾಗಿ, ಅಲ್ಲಿಯೇ ವಿನಯವನ್ನು ಕಲಿತು, ಅಲ್ಲಿಯೇ ಅದನ್ನು ಬೋಧಿಸಿದಾಗ ಧರ್ಮವು ಬೇರೂರಿತೆಂದು ತಿಳಿಯಬೇಕೆಂದು ಸ್ಥವಿರನು ಉತ್ತರ ಕೊಟ್ಟನಂತೆ. ಈ ಒರೆಗಲ್ಲಿನ ಮೇಲೆ ತಿಕ್ಕಿ ನೋಡಿದರೆ, ಕನ್ನಡ ನಾಡಿನಲ್ಲಿ ಪ್ರೊಟೆಸ್ಟಂಟ್ ಕ್ರೈಸ್ತಸಭೆಯ ಚರಿತ್ರೆಯು ಮಿಶನರಿಗಳ ಚರಿತ್ರೆಯಾಗಿ ಮಾತ್ರ ಉಳಿಯುವುದಿಲ್ಲ. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಕಲಿತು, ಊರೂರುಗಳಲ್ಲಿ ಉಪದೇಶಿಗಳಾಗಿಯೂ ಸಭಾಪಾಲಕರಾಗಿಯೂ ಬಾಳಿದ ದೇಶೀಯರ ಚರಿತ್ರೆಯೂ ಅದರಲ್ಲಿ ಅಡಗಿದೆ.

ದೇಶೀಯ ಬೋಧಕರನ್ನು ಸಿದ್ಧಪಡಿಸಬೇಕೆಂಬ ವಿಚಾರವು ದಕ್ಷಿಣ ಭಾರತದಲ್ಲಿ ಹಳೆಯದು. ಡೇನರ ವಸಾಹತಾಗಿದ್ದ ತರಂಗಂಬಾಡಿಗೆ 1706ರಲ್ಲಿ ಬಂದಿಳಿದ ಜೀಗನ್‌ಬಾಲ್ಗನು ತಮಿಳನ್ನು ಕಲಿತು, 1716ರಲ್ಲಿ ದೇಶೀಯ ಸೇವಕರ ಶಿಕ್ಷಣಕ್ಕಾಗಿ ಒಂದು ಶಾಲೆಯನ್ನು ತೆರೆದನು. ಆದರೆ ಆ ಮಿಶನ್ನಿನಿಂದ ಆರೋನನೆಂಬ ತಮಿಳನಿಗೆ ಗುರುಪಟ್ಟವು ದೊರೆತುದು 1733ರಲ್ಲಿ. ಬಂದವರು ಬಂದು ಇಪ್ಪತ್ತೇಳು ವರ್ಷಗಳು ಕಳೆದಿದ್ದವು. ಜೀಗನ್‌ಬಾಲ್ಗನು ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು. ವಂಗದೇಶದ ಶ್ರೀರಾಮಪುರದಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು 1818ರಲ್ಲಿ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. 1827ರಲ್ಲಿಯೇ ಅದಕ್ಕೆ ಡೆನ್ಮಾರ್ಕಿನ ಅರಸನಿಂದ ಪದವಿಗಳನ್ನು ಕೊಡುವ ಅಧಿಕಾರವು ದೊರೆತರೂ, ಧರ್ಮಶಾಸ್ತ್ರದ ಪದವಿಯನ್ನು ಮೊದಲು ಕೊಟ್ಟುದು 1915ರಲ್ಲಿ. ಕಲಿಸುವುದಕ್ಕೆ ಇದ್ದ ಉತ್ಸಾಹವು ಅಧಿಕಾರವನ್ನು ಒಪ್ಪಿಸುವ ವಿಷಯದಲ್ಲಿ ಇರಲಿಲ್ಲವೆಂಬುದು ಆರೋನನ ನಿದರ್ಶನದಿಂದಲೇ ತಿಳಿಯುವಂತಿದೆ. ಮಂಗಳೂರಿನ ಕಥೆಯಲ್ಲಿಯೂ ಇದೇ ಎಳೆಯು ಹಾಸುಹೊಕ್ಕಾಗಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಘಕ್ಕೆ, 1833ರ ಸನದಿನಿಂದ ಬ್ರಿಟಿಷರಲ್ಲದ ಮಿಶನರಿಗಳಿಗೂ ಹಿಂದುಸ್ಥಾನದ ಬಾಗಿಲು ತೆರೆದುದರಿಂದ ಇಲ್ಲಿಗೆ ಬರುವ ಅನುಕೂಲವುಂಟಾಯಿತು. 1834ರ ಅಕ್ಟೋಬರಿನಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರನ್ನು ಸೇರಿದರು. 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ ಠಾಣೆಗಳು ಹುಟ್ಟಿದವು. ಠಾಣೆಗಳು ಬೆಳೆದಂತೆ ಒಂದು ಕೊರತೆಯು ಎದ್ದು ಕಂಡಿತು. ಯುರೋಪಿನಿಂದ ಬಂದವರಿಗೆ ಭಾಷೆಯನ್ನು ಕಲಿಯುವುದರಲ್ಲಿಯೇ ವರ್ಷಗಳು ಕಳೆಯುತ್ತಿದ್ದವು. ಕಲಿತವರನ್ನು ಈ ದೇಶದ ಹವೆಯು ಬಹುಕಾಲ ಉಳಿಯಗೊಡುತ್ತಿರಲಿಲ್ಲ. 1840ರಲ್ಲಿ ಬಂದು ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದ ವೈಗ್ಲೆಯು 1855ರಲ್ಲಿ ಮರಣವನ್ನೈದಿದನು. ಮುಂದೆ ಬಲ್ಮಠದ ಶಾಲೆಯಲ್ಲಿ ಪಾಠ ಹೇಳುವುದಕ್ಕೆಂದು 1869ರಲ್ಲಿ ಬಂದ ಯೋಹಾನ್ನೆಸ್ ಹೆಸ್ಸೆಯು ದೇಹಾರೋಗ್ಯವು ಕೆಟ್ಟು 1873ರಲ್ಲಿಯೇ ಹಿಂದಿರುಗಬೇಕಾಯಿತು. ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆಗೆ ತಂದೆಯಾದವನು ಈತನೇ. ಹೀಗೆ ಹೊರಗಿನಿಂದ ಬಂದವರನ್ನೇ ನಂಬಿದ ಸಭೆಯು ಕಡಲಾಚೆಯಿಂದ ಬರುವ ಹಡಗನ್ನು ಸದಾ ಎದುರು ನೋಡುತ್ತಿರಬೇಕಾಗುತ್ತಿದ್ದಿತು.

ಈ ಕೊರತೆಯನ್ನು ಮನಗಂಡವರಲ್ಲಿ ಅಗ್ರಗಣ್ಯನು ಹೆರ್ಮನ್ ಮೋಗ್ಲಿಂಗನು. 1836ರಲ್ಲಿ ಮಂಗಳೂರಿಗೆ ಬಂದ ಈತನು 1843ರ ಜುಲೈ ತಿಂಗಳಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲನೆಯ ವೃತ್ತಪತ್ರಿಕೆಯೆಂಬುದು ವಾಚಕರಿಗೆ ತಿಳಿದ ವಿಷಯವೇ. ದೇಶೀಯ ತರುಣರ ಶಿಕ್ಷಣವು ಆತನಿಗೆ ಪತ್ರಿಕೆಯಷ್ಟೇ, ಪ್ರಾಯಶಃ ಅದಕ್ಕಿಂತ ಹೆಚ್ಚು, ಪ್ರಿಯವಾದ ಕಾರ್ಯವಾಗಿದ್ದಿತು. ಬಲ್ಮಠದ ದೇವಜ್ಞಾನಶಾಲೆಯ ಆರಂಭವನ್ನು 1847ರಿಂದ ಎಣಿಸುವುದು ರೂಢಿ. ಪಾಠವು ದೇಶಭಾಷೆಯಲ್ಲಿಯೇ ನಡೆಯಬೇಕೆಂಬುದು ಬಾಸೆಲ್ ಮಿಶನ್ನಿನ ಧೋರಣೆಯು. ಇದು ಸಣ್ಣ ವಿಷಯವಲ್ಲ. ಇಂಗ್ಲಿಷಿನಲ್ಲಿ ಕಲಿತವನು ಸರಕಾರಿ ಕಚೇರಿಗೆ ಹೋಗಬಲ್ಲನು. ಕನ್ನಡದಲ್ಲಿ ಕಲಿತವನು ಕೃಷಿಕನ ಜಗಲಿಯ ಮೇಲೆ ಕುಳಿತು ಮಾತಾಡಬಲ್ಲನು. ಬೋಧಕನಿಗೆ ಬೇಕಾದುದು ಎರಡನೆಯ ಸಾಮರ್ಥ್ಯವು.

ಆದರೆ ಕನ್ನಡದಲ್ಲಿ ಕಲಿಸಬೇಕಾದರೆ ಕನ್ನಡವನ್ನು ಬಲ್ಲ ಗುರುಗಳೂ, ಅಚ್ಚಾದ ಗ್ರಂಥಗಳೂ ಬೇಕಷ್ಟೆ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವು ಮಂಗಳೂರಿನಲ್ಲಿ ಆರಂಭವಾಯಿತು. ನೀಲಗಿರಿಯಲ್ಲಿದ್ದ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶನ ಧನಸಹಾಯದಿಂದ ಮೋಗ್ಲಿಂಗನು 1848ರಿಂದ ಮುಂದೆ ಕೆಲವು ವರ್ಷಗಳಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದನು. ತುಳುವರ ನಡುವೆ ಹೋಗುವವರಿಗಾಗಿ ಹೊಸ ಒಡಂಬಡಿಕೆಯು ತುಳುವಿನಲ್ಲಿ ಕನ್ನಡ ಲಿಪಿಯಿಂದ 1847ರಲ್ಲಿ ಪ್ರಕಟವಾಯಿತು. 1853ರಲ್ಲಿ ಬಂದ ಕಿಟ್ಟೆಲನು ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೊಂದಿಸಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದನು; 1894ರಲ್ಲಿ ಹೊರಬಂದ ಆತನ ಕೋಶದ ಹಿರಿಮೆಯನ್ನು ಇಲ್ಲಿ ಬಣ್ಣಿಸಬೇಕಾದುದಿಲ್ಲ. ಮತಪ್ರಸಾರವನ್ನು ಒಪ್ಪದವರೂ ಈ ಸಾಹಿತ್ಯಸೇವೆಯನ್ನು ಕೃತಜ್ಞತೆಯಿಂದ ನೆನೆಯುವರು. ಪರರಿಗೆ ಹೇಳಹೊರಟವನು ಪರರ ಮಾತನ್ನು ಮೊದಲು ಕೇಳಬೇಕೆಂಬ ವಿವೇಕವು ಈ ಪ್ರಯತ್ನಗಳ ಹಿಂದೆ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಶಿಷ್ಯರ ಕಡೆಗೆ ನೋಡೋಣ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ 1825ರಲ್ಲಿ ಹುಟ್ಟಿದ ಆನಂದರಾವ್ ಕೌಂಡಿಣ್ಯನು ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. 1844ರ ಜನವರಿ 6ರಂದು ಇನ್ನಿಬ್ಬರೊಡನೆ ಈತನಿಗೆ ದೀಕ್ಷಾಸ್ನಾನವಾದಾಗ ಊರಿನಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ಇಪ್ಪತ್ತು ತುಂಬದ ತರುಣನಿಗೆ ಮನೆ, ಬಂಧುವರ್ಗ, ಕುಲಾಚಾರ ಎಲ್ಲವೂ ಒಂದೇ ದಿನದಲ್ಲಿ ದೂರವಾದವು. ಮಗನನ್ನು ಕಳೆದುಕೊಂಡ ಮನೆಯವರ ದುಃಖವನ್ನೂ ಚರಿತ್ರಕಾರನು ಮರೆಯಲಾಗದು. 1846ರಲ್ಲಿ ಮೋಗ್ಲಿಂಗನು ಆತನನ್ನು ಬಾಸೆಲಿಗೆ ಕರೆದುಕೊಂಡು ಹೋದನು. ಅಲ್ಲಿಯ ವಿದ್ಯಾಲಯದಲ್ಲಿ ಯುರೋಪಿನ ತರುಣರೊಡನೆ ಸಮಾನವಾಗಿ ಕಲಿತು, 1851ರಲ್ಲಿ ಗುರುಪಟ್ಟವನ್ನು ಪಡೆದು, ಹೆರ್ಮನ್ ಆನಂದರಾವ್ ಕೌಂಡಿಣ್ಯನಾಗಿ ಹಿಂದಿರುಗಿದ ಆತನು ಬಾಸೆಲ್ ಮಿಶನ್ನಿನ ಮೊದಲನೆಯ ಭಾರತೀಯ ಮಿಶನರಿಯು. ಬಲ್ಮಠದಲ್ಲಿ ಅಧ್ಯಾಪಕನಾಗಿ ತನ್ನ ನಾಡಿನ ತರುಣರನ್ನು ತಿದ್ದಿದನು, ಕೊಡಗಿನ ಆನಂದಪುರದಲ್ಲಿ ದಲಿತ ಕ್ರೈಸ್ತರು ನೆಲೆಯೂರುವುದಕ್ಕೆ ಮೋಗ್ಲಿಂಗನೊಡನೆ ಶ್ರಮಿಸಿದನು, 1893ರಲ್ಲಿ ಕಾಲವಾದನು.

ಕೌಂಡಿಣ್ಯನ ಜೀವನವು ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಪರದೇಶದಲ್ಲಿ ಕಲಿತು ಬಂದುದರಿಂದ ಆತನಿಗೆ ಮಿಶನರಿಗಳ ಸಾಲಿನಲ್ಲಿ ಸ್ಥಾನವು ಸಿಕ್ಕಿತು. ಬಲ್ಮಠದಲ್ಲಿ ಕಲಿತವರಿಗೋ ಜನರ ನಡುವೆ ಸ್ಥಾನವು ಸಿಕ್ಕಿದರೂ ಮಿಶನರಿಗಳ ಸಾಲಿನಲ್ಲಿ ಸಿಕ್ಕಲಿಲ್ಲ. ಅವರಲ್ಲಿ ಹೆಚ್ಚಿನವರು ಉಪದೇಶಿಗಳಾಗಿ, ಯುರೋಪೀಯ ಮಿಶನರಿಯ ಮೇಲ್ವಿಚಾರಣೆಯಲ್ಲಿ ಸಂತೆ ಜಾತ್ರೆಗಳಲ್ಲಿ ಬೋಧಿಸುತ್ತ, ಮಕ್ಕಳಿಗೆ ಓದಿಸುತ್ತ, ರೋಗಿಗಳನ್ನು ಕಾಣುತ್ತ ಬಾಳಿದರು. ಠಾಣೆಗಳ ಹಣಕಾಸಿನ ಮತ್ತು ನೇಮಕದ ನಿರ್ಣಯಗಳು ಬಾಸೆಲಿನ ಸಮಿತಿಯಿಂದಲೂ ಯುರೋಪೀಯರ ಸಭೆಗಳಿಂದಲೂ ಬರುತ್ತಿದ್ದವು. ಬುದ್ಧಿ ಹೇಳುವ ಹೊಣೆಯು ದೇಶೀಯನದು, ಅಪ್ಪಣೆ ಕೊಡುವ ಅಧಿಕಾರವು ಪರದೇಶೀಯನದು ಎಂಬಂತಾಯಿತು.

ಇದಕ್ಕೆ ದುರಭಿಮಾನವೊಂದೇ ಕಾರಣವೆಂದು ಹೇಳಿದರೆ ಅದು ಅರೆಸತ್ಯವಾಗುವುದು. ಅನ್ನದ ಪ್ರಶ್ನೆಯೂ ಇದರಲ್ಲಿ ಸೇರಿದ್ದಿತು. ಸಭೆಗೆ ಸೇರಿದವರಲ್ಲಿ ಬಡವರೇ ಬಹಳ. ಮತಾಂತರದಿಂದ ಹಲವರ ಕುಲಕಸುಬೂ ಒಕ್ಕಲುತನವೂ ಕೈಬಿಟ್ಟುಹೋದವು. ಅವರ ಜೀವನಕ್ಕಾಗಿಯೇ ಮಿಶನ್ನು ನೇಯ್ಗೆಯ ಕಾರ್ಖಾನೆಯನ್ನು ನಡೆಸಿತು. 1865ರಲ್ಲಿ ಪ್ಲೇಬ್‌ಸ್ಟನ ಪ್ರಯತ್ನದಿಂದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯು ಹುಟ್ಟಿತು. ದುಡಿಮೆಯೂ ಮಿಶನ್ನಿನದು, ಶಾಲೆಯೂ ಮಿಶನ್ನಿನದು, ಸಭಾಪಾಲಕನ ಸಂಬಳವೂ ಮಿಶನ್ನಿನದು ಆದಾಗ, ಸಭೆಯು ತನ್ನ ಕಾಲ ಮೇಲೆ ನಿಲ್ಲುವುದು ಹೇಗೆ? ಇಂಗ್ಲೆಂಡಿನ ಚರ್ಚ್ ಮಿಶನರಿ ಸಂಘದ ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್ನನೂ, ಅಮೇರಿಕದ ರೂಫಸ್ ಆಂಡರ್ಸನ್ನನೂ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ಒಂದು ತತ್ತ್ವವನ್ನು ಸಾರಿದ್ದರು: ದೇಶೀಯ ಸಭೆಯು ತನ್ನನ್ನು ತಾನೇ ಆಳಿಕೊಳ್ಳಬೇಕು, ತಾನೇ ಪೋಷಿಸಿಕೊಳ್ಳಬೇಕು, ತಾನೇ ಹರಡಿಕೊಳ್ಳಬೇಕು. ಈ ಮೂರರಲ್ಲಿ ಮೂರನೆಯದನ್ನು ಮಿಶನ್ನುಗಳು ಬೇಗನೆ ಒಪ್ಪಿದವು, ಎರಡನೆಯದನ್ನು ಬಯಸಿದವು, ಮೊದಲನೆಯದನ್ನು ನಾಳೆಗೆ ಮುಂದೂಡಿದವು.

ಆ ನಾಳೆಯು ಯಾರೂ ನೆನೆಯದ ರೀತಿಯಲ್ಲಿ ಬಂದಿತು. 1914ರಲ್ಲಿ ಯುರೋಪಿನ ಮಹಾಯುದ್ಧವು ಆರಂಭವಾಗಲು, ಬಾಸೆಲ್ ಮಿಶನ್ನಿನ ಸೇವಕರಲ್ಲಿ ಜರ್ಮನರೇ ಬಹುಮಂದಿ ಇದ್ದುದರಿಂದ, ಅವರು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಹಲವರು ಅಹಮದನಗರದ ಶಿಬಿರದಲ್ಲಿ ಬಂಧಿತರಾದರು. ಮುಂದೆ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳೂ ಮಿಶನ್ನಿನ ಕೈತಪ್ಪಿದವು. ಎಂಬತ್ತು ವರ್ಷಗಳ ಕಾಲ ಮೇಲ್ವಿಚಾರಣೆ ಮಾಡಿದವರು ಹೋದ ಮೇಲೆ, ಭಾನುವಾರದ ಆರಾಧನೆಯನ್ನು ನಡೆಸಿದವರು, ಸತ್ತವರನ್ನು ಮಣ್ಣು ಮಾಡಿಸಿದವರು, ಕಂಗೆಟ್ಟ ಕುಟುಂಬಗಳಿಗೆ ಧೈರ್ಯ ಹೇಳಿದವರು ದೇಶೀಯ ಸಭಾಪಾಲಕರೂ ಉಪದೇಶಿಗಳೂ ಸಭೆಯ ಹಿರಿಯರೂ ಅಲ್ಲದೆ ಮತ್ತಾರೂ ಅಲ್ಲ. ಕಷ್ಟವು ಬಹಳವಾಯಿತು, ಇತರ ಮಿಶನ್ನುಗಳ ನೆರವೂ ಬೇಕಾಯಿತು. ಆದರೂ ಸಭೆಗಳು ಚೆದುರಿಹೋಗಲಿಲ್ಲ. ಬಲ್ಮಠದ ಶಿಕ್ಷಣಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆಯು ಬೇರೊಂದಿರಲಿಲ್ಲ. ಅದರಲ್ಲಿ ಶಿಷ್ಯರು ತೇರ್ಗಡೆಯಾದರು. ಮೊದಲೇ ಅವರಿಗೆ ಅಧಿಕಾರದ ಅಭ್ಯಾಸವನ್ನು ಮಾಡಿಸಿದ್ದರೆ ಪರೀಕ್ಷೆಯು ಅಷ್ಟು ಕಠಿನವಾಗುತ್ತಿರಲಿಲ್ಲವೆಂಬುದೂ ಅಷ್ಟೇ ಸತ್ಯವು.

ದೇಶೀಯ ಬೋಧಕನಿಂದ ನಾಡಿಗೆ ಆಗಬಹುದಾದ ಪ್ರಯೋಜನವನ್ನು ತಿಳಿಯುವುದಕ್ಕೆ ರೆವರೆಂಡ್ ಉತ್ತಂಗಿ ಚನ್ನಪ್ಪನವರ ನಿದರ್ಶನವು ಸಾಕು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಇವರು ಬಲ್ಮಠದಲ್ಲಿಯೇ ದೇವಜ್ಞಾನವನ್ನು ಕಲಿತು ಉತ್ತರ ಕರ್ನಾಟಕದ ಸಭೆಗಳಲ್ಲಿ ಸೇವೆ ಮಾಡಿದರು. ಜನರ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಚೆದುರಿದ್ದ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, ಶೋಧಿಸಿ, 1924ರಲ್ಲಿ ಪ್ರಕಟಿಸಿದರು. ಮುಂದೆ ಶಿವಶರಣರ ವಿಷಯದಲ್ಲಿ ಶ್ರಮಿಸಿ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು. 1949ರಲ್ಲಿ ಕಲಬುರಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನು ಕನ್ನಡಿಗರು ಇವರಿಗೆ ಒಪ್ಪಿಸಿದರು. 1962ರಲ್ಲಿ ದೈವಾಧೀನರಾಗುವವರೆಗೂ ಇವರು ಕ್ರಿಸ್ತಭಕ್ತರಾಗಿಯೇ ಉಳಿದರು. ಶರಣಸಾಹಿತ್ಯದ ಉಪಾಸಕರಾಗಿಯೂ ಉಳಿದರು. ಒಂದಕ್ಕಾಗಿ ಮತ್ತೊಂದನ್ನು ಬಿಡಬೇಕಾಗಿಲ್ಲವೆಂದು ತೋರಿಸುವ ಕೆಲಸವು ಕಡಲಾಚೆಯಿಂದ ಬಂದ ಪಂಡಿತನಿಗೆ ಸಾಧ್ಯವಾಗುವಂಥದಲ್ಲ. ಈ ನೆಲದಲ್ಲಿ ಹುಟ್ಟಿ ಬೆಳೆದವನಿಗೇ ಅದು ಸಾಧ್ಯವು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದುದರಿಂದ ಆಡಳಿತವು ದೇಶೀಯರ ಕೈಗೆ ಬರುವ ಮಾರ್ಗವು ತೆರೆಯಿತು. 1965ರಲ್ಲಿ ಬಲ್ಮಠದ ಶಾಲೆಯೂ ತುಮಕೂರಿನಲ್ಲಿದ್ದ ಕನ್ನಡ ದೇವಜ್ಞಾನಶಾಲೆಯೂ ಒಂದಾಗಿ, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು.

ಈ ಪ್ರಶ್ನೆಯು ಕನ್ನಡ ನಾಡಿಗೆ ಮಾತ್ರ ಸೇರಿದುದಲ್ಲ. ಧನಬಲವಿಲ್ಲದ ಅನೇಕ ದೇಶಗಳಲ್ಲಿ ಸಭೆಗಳು ವೇಗವಾಗಿ ಬೆಳೆದು ಬೋಧಕರ ಶಿಕ್ಷಣವು ಹಿಂದೆ ಬಿದ್ದಿದೆ. ಮಧ್ಯ ಅಮೇರಿಕದ ಗ್ವಾಟೆಮಾಲದಲ್ಲಿ, ಹೊಲಮನೆಗಳನ್ನು ಬಿಟ್ಟು ರಾಜಧಾನಿಗೆ ಬಂದು ಕಲಿಯುವುದು ಹಳ್ಳಿಯ ಹಿರಿಯರಿಗೆ ಅಸಾಧ್ಯವೆಂದು ಕಂಡು, 1963ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ವಿದ್ಯಾಲಯವು ಕ್ರಮವನ್ನೇ ತಿರುಗಿಸಿತು. ವಿದ್ಯಾರ್ಥಿಯು ತನ್ನ ಊರಿನಲ್ಲಿಯೇ ದುಡಿಯುತ್ತ ಪಾಠಪುಸ್ತಕವನ್ನು ಓದುವನು. ಗುರುವು ನಿಯತ ಕಾಲದಲ್ಲಿ ಅವನ ಬಳಿಗೆ ಹೋಗುವನು. ಈ ಪದ್ಧತಿಯು ಬೇಗನೆ ಅನೇಕ ದೇಶಗಳಿಗೆ ಹರಡಿತು. ಬಲ್ಮಠದವರು ಭಾಷೆಯನ್ನು ಶಿಷ್ಯನ ಬಳಿಗೆ ತಂದರು. ಗ್ವಾಟೆಮಾಲದವರು ಶಾಲೆಯನ್ನೇ ತಂದರು. ಅಧಿಕಾರವನ್ನೂ ತರುವ ಧೈರ್ಯವಿದ್ದಲ್ಲಿ ಮಾತ್ರ ಎರಡೂ ಪೂರ್ಣಫಲವನ್ನು ಕೊಡುವುವು.

ಗುರುವಾದವನು ಎಲ್ಲರಿಂದಲೂ ಗೆಲುವನ್ನು ಬಯಸಿದರೂ ಶಿಷ್ಯನಿಂದ ಮಾತ್ರ ಸೋಲನ್ನು ಬಯಸಬೇಕೆಂಬುದು ಸಂಸ್ಕೃತ ಪಾಠಶಾಲೆಗಳಲ್ಲಿ ಹಿಂದಿನಿಂದ ಬಂದ ಮಾತು. ಮತ ಯಾವುದಾದರೂ ಆಗಲಿ, ವಿದ್ಯೆ ಯಾವುದಾದರೂ ಆಗಲಿ, ಕಲಿಸುವವನ ಯೋಗ್ಯತೆಯನ್ನು ಅವನು ಪೀಠದ ಮೇಲೆ ಕುಳಿತಿರುವಾಗ ಅಳೆಯಲಾಗದು. ಅವನು ಎದ್ದುಹೋದ ಮೇಲೆ ಆ ಪೀಠವು ಬರಿದಾಯಿತೋ ತುಂಬಿತೋ ಎಂಬುದೇ ಅದರ ಅಳತೆಯು.