ವೆಬ್‌ಸೈಟ್ ಬದಲಾದರೆ ‘48 ಗಂಟೆ ಕಾಯಿರಿ’ ಅನ್ನೋದು ನಿಜವೇ? ಒಬ್ಬರಿಗೆ ಹಳೆಯದು, ಇನ್ನೊಬ್ಬರಿಗೆ ಹೊಸದು ಕಾಣುವುದು ಯಾಕೆ?

ಬಸವಕಲ್ಯಾಣದ ಒಂದು ಶಾಲೆ ತನ್ನ ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿತು ಅಂದುಕೊಳ್ಳಿ. ಮರುದಿನ ಅಲ್ಲಿನ ಪಾಲಕರೊಬ್ಬರ ಮೊಬೈಲ್‌ನಲ್ಲಿ ಹೊಸ ಪುಟ, ಫೀಸು ಕಟ್ಟುವ ಹೊಸ ಬಟನ್ ಎಲ್ಲ ಕಾಣುತ್ತದೆ. ಹುಮನಾಬಾದ್‌ನಲ್ಲಿರುವ ಇನ್ನೊಬ್ಬರಿಗೆ ಹೋದ ವರ್ಷದ ಪುಟವೇ ತೆರೆಯುತ್ತದೆ. ಮಧ್ಯಾಹ್ನದೊಳಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡು ಮೆಸೇಜ್ ಓಡಾಡತೊಡಗುತ್ತವೆ. ‘ಸೈಟ್ ಹ್ಯಾಕ್ ಆಗಿದೆ, ಯಾರೂ ಹಣ ಕಟ್ಟಬೇಡಿ’ ಎಂಬುದು ಒಂದು. ‘ಸೈಟ್ ಬದಲಾಗುತ್ತಿದೆ, 48 ಗಂಟೆ ಈ ಹೊಸ ಲಿಂಕ್ ಬಳಸಿ’ ಎಂಬುದು ಇನ್ನೊಂದು. ಇಂಥ ಸಂದರ್ಭದಲ್ಲಿ ಮೊದಲನೆಯದು ಸಾಮಾನ್ಯವಾಗಿ ತಪ್ಪು ತಿಳಿವಳಿಕೆ. ಎರಡನೆಯದು ನಿಜಕ್ಕೂ ಅಪಾಯಕಾರಿ.

ಹೆಸರು ಬೇರೆ, ವಿಳಾಸ ಬೇರೆ

ನಾವು ಟೈಪ್ ಮಾಡುವ ವೆಬ್‌ಸೈಟ್ ಹೆಸರು ಮನುಷ್ಯರ ಅನುಕೂಲಕ್ಕೆ ಇರುವಂಥದ್ದು. ಕಂಪ್ಯೂಟರ್‌ಗಳು ಒಂದನ್ನೊಂದು ಹುಡುಕುವುದು ಅಂಕಿಗಳಿರುವ ಐಪಿ ವಿಳಾಸದಿಂದ. ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಇದು ಬರುವ ಮೊದಲು ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸ ಅಮೆರಿಕದ ಒಂದು ಸಂಶೋಧನಾ ಸಂಸ್ಥೆಯ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರ್‌ಗಳು ಹೆಚ್ಚಿದಂತೆ ಅದು ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು.

ನೀವು ಒಂದು ಹೆಸರು ಕೊಟ್ಟಾಗ ಮೊಬೈಲ್ ಮೊದಲು ಕೇಳುವುದು ಸಾಮಾನ್ಯವಾಗಿ ನಿಮ್ಮ ಸಿಮ್ ಅಥವಾ ವೈಫೈ ಕಂಪನಿಯ ಡಿಎನ್‌ಎಸ್ ಸರ್ವರನ್ನು. ಅದಕ್ಕೆ ಗೊತ್ತಿಲ್ಲದಿದ್ದರೆ ಮೂಲ ಸರ್ವರ್, ಅಲ್ಲಿಂದ ‘ಡಾಟ್ ಇನ್’ ಅಥವಾ ‘ಡಾಟ್ ಕಾಂ’ ಸರ್ವರ್, ಕೊನೆಗೆ ಆ ವೆಬ್‌ಸೈಟಿನದೇ ನೇಮ್ ಸರ್ವರ್ ಎಂದು ಹಂತಹಂತವಾಗಿ ಕೇಳಿಕೊಂಡು ಹೋಗುತ್ತದೆ. ಪ್ರತಿಸಲ ಇಷ್ಟು ಅಲೆಯಲಾಗದು. ಹಾಗಾಗಿ ಸಿಕ್ಕ ಉತ್ತರವನ್ನು ಸ್ವಲ್ಪ ಕಾಲ ತನ್ನ ಬಳಿಯೇ ಬರೆದಿಟ್ಟುಕೊಳ್ಳುತ್ತದೆ. ಎಷ್ಟು ಕಾಲ ಎಂಬುದನ್ನು ವೆಬ್‌ಸೈಟಿನವರೇ ಸೆಕೆಂಡುಗಳಲ್ಲಿ ಸೂಚಿಸಿರುತ್ತಾರೆ. ಇದಕ್ಕೆ ಟಿಟಿಎಲ್ ಎನ್ನುತ್ತಾರೆ. 300 ಅಂದರೆ ಐದು ನಿಮಿಷ, 3600 ಅಂದರೆ ಒಂದು ಗಂಟೆ, 86400 ಅಂದರೆ ಒಂದು ದಿನ.

ಬದಲಾವಣೆ ‘ಹರಡುವುದಿಲ್ಲ’

‘ಹೊಸ ವಿಳಾಸ ಜಗತ್ತಿನಾದ್ಯಂತ ಹರಡಲು ಸಮಯ ಬೇಕು’ ಎಂದು ವೆಬ್‌ಸೈಟ್ ಮಾಡಿಕೊಡುವವರೂ ಹೇಳುತ್ತಾರೆ. ಆದರೆ ಹೊಸ ವಿಳಾಸವನ್ನು ಈ ಕಂಪನಿಗಳ ಸರ್ವರ್‌ಗಳಿಗೆ ಯಾರೂ ಕಳಿಸುವುದಿಲ್ಲ. ಬರೆದಿಟ್ಟುಕೊಂಡ ಹಳೆಯ ಉತ್ತರದ ಅವಧಿ ಒಂದೊಂದು ಕಡೆ ಒಂದೊಂದು ಹೊತ್ತಿಗೆ ಮುಗಿಯುತ್ತದೆ, ಅಷ್ಟೇ. ಆಮೇಲೆ ಮತ್ತೆ ಕೇಳಿದಾಗ ಹೊಸದು ಸಿಗುತ್ತದೆ.

ನಮ್ಮ ಭಾಗದವರಿಗೆ ಇದು ಹೊಸ ಅನುಭವವಲ್ಲ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಸರ್ಕಾರದ ಆದೇಶಕ್ಕೆ ಒಂದು ದಿನ ಸಾಕು. ಹಳೇ ಲೆಟರ್‌ಹೆಡ್, ಹಳೇ ಬೋರ್ಡು ಮಾತ್ರ ಅವುಗಳ ಆಯಸ್ಸು ಮುಗಿಯುವವರೆಗೂ ಇರುತ್ತವೆ. ಜನರ ಬಾಯಲ್ಲಿನ ಹೆಸರಿಗಂತೂ ಟಿಟಿಎಲ್ ಇಲ್ಲ!

ಮತ್ತೆ ಶಾಲೆಯ ಉದಾಹರಣೆಗೆ ಬರೋಣ. ಟಿಟಿಎಲ್ ಒಂದು ಗಂಟೆ ಇದೆ, ಬೆಳಿಗ್ಗೆ 10ಕ್ಕೆ ವಿಳಾಸ ಬದಲಾಯಿತು. ಹುಮನಾಬಾದ್‌ನವರ ಕಂಪನಿಯ ಸರ್ವರ್ 9.59ಕ್ಕೆ ಕೇಳಿದ್ದರೆ 10.59ರವರೆಗೆ ಹಳೆಯದನ್ನೇ ಹೇಳುತ್ತದೆ. ಬಸವಕಲ್ಯಾಣದವರ ಸಿಮ್ ಬೇರೆ ಕಂಪನಿಯದು. ಅದರ ಸರ್ವರ್ 10.01ಕ್ಕೆ ಮೊದಲ ಸಲ ಕೇಳಿದರೆ ನೇರವಾಗಿ ಹೊಸದೇ ಸಿಗುತ್ತದೆ. ಅಂದರೆ ಇದಕ್ಕೂ ಊರುಗಳ ದೂರಕ್ಕೂ ಸಂಬಂಧವಿಲ್ಲ. ಒಂದೇ ಫೋನಿನ ಎರಡು ಸಿಮ್‌ಗಳಲ್ಲೂ ಬೇರೆ ಬೇರೆ ಪುಟ ತೆರೆಯಬಹುದು.

48 ಗಂಟೆ ಎಲ್ಲಿಂದ ಬಂತು?

ವಿಳಾಸವಷ್ಟೇ ಅಲ್ಲದೆ ನೇಮ್ ಸರ್ವರನ್ನೇ ಬದಲಿಸಿದಾಗ ‘ಡಾಟ್ ಕಾಂ’ ಮಟ್ಟದ ದಾಖಲೆಯ ಅವಧಿಯೂ ಮುಗಿಯಬೇಕು. ಅದರ ಟಿಟಿಎಲ್ 1,72,800 ಸೆಕೆಂಡ್, ಲೆಕ್ಕ ಹಾಕಿದರೆ ಸರಿಯಾಗಿ ಎರಡು ದಿನ. ಬರೀ ಐಪಿ ವಿಳಾಸ ಬದಲಾದರೆ ಅಷ್ಟು ಬೇಕಿಲ್ಲ. ಎಷ್ಟೋ ಸಲ ನಿಮಿಷಗಳಲ್ಲೇ ಮುಗಿಯುತ್ತದೆ. ಜಾಣರು ಒಂದೆರಡು ದಿನ ಮೊದಲೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿ, ಆಮೇಲೆ ವಿಳಾಸ ಬದಲಿಸುತ್ತಾರೆ. ಬದಲಿಸಿದ ಮೇಲೆ ಇಳಿಸಿದರೆ, ಹಳೆಯ ಅವಧಿಯೊಂದಿಗೆ ಬರೆದಿಟ್ಟುಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ. ಹಳೇ ಸರ್ವರನ್ನು ಇನ್ನೆರಡು ದಿನ ಚಾಲೂ ಇಡುವುದೂ ಮುಖ್ಯ. ಹಳೆಯ ವಿಳಾಸ ಹಿಡಿದು ಬರುವವರು ಅಲ್ಲಿಗೇ ಹೋಗುತ್ತಾರೆ.

ಇನ್ನೊಂದು ವಿಚಿತ್ರವಿದೆ. ‘ಅಂಥ ಹೆಸರೇ ಇಲ್ಲ’ ಎಂಬ ಉತ್ತರವನ್ನೂ ಸರ್ವರ್‌ಗಳು ಬರೆದಿಟ್ಟುಕೊಳ್ಳುತ್ತವೆ. ಹೊಸ ಸೈಟ್ ಸಿದ್ಧವಾಗುವ ಮೊದಲೇ ‘ಬಂತಾ, ಬಂತಾ’ ಎಂದು ತೆರೆದು ನೋಡುವವರಿಗೇ ಅದು ಎಲ್ಲರಿಗಿಂತ ತಡವಾಗಿ ಕಾಣಿಸಬಹುದು.

ನಿಮಗೆ ಹಳೇ ಪುಟ ಕಾಣುತ್ತಿದ್ದರೆ ಇನ್ನೊಂದು ಸಿಮ್ ಅಥವಾ ವೈಫೈನಲ್ಲಿ ತೆರೆದು ನೋಡಿ. ಫೋನ್ ರೀಸ್ಟಾರ್ಟ್ ಮಾಡಿದರೆ ಫೋನ್ ಒಳಗೆ ಬರೆದಿಟ್ಟುಕೊಂಡದ್ದು ಅಳಿಯಬಹುದು, ಕಂಪನಿಯ ಸರ್ವರ್‌ನಲ್ಲಿರುವುದು ಅಳಿಯುವುದಿಲ್ಲ.

ಸೈಟ್ ತೆರೆಯದ ಎಲ್ಲ ಸಂದರ್ಭಕ್ಕೂ ಇದೇ ಕಾರಣವಲ್ಲ. ಪರೀಕ್ಷಾ ಫಲಿತಾಂಶದ ದಿನ ಸೈಟ್ ನಿಧಾನವಾದರೆ ಅದು ಸಾಮಾನ್ಯವಾಗಿ ಒಮ್ಮೆಲೇ ನುಗ್ಗಿದ ಜನರಿಂದ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ಸ್ತಬ್ಧವಾದಾಗ ಆ ಕಂಪನಿಯ ಡಿಎನ್‌ಎಸ್ ಸರ್ವರ್‌ಗಳನ್ನು ತಲುಪುವ ದಾರಿಯೇ ಮುಚ್ಚಿಹೋಗಿತ್ತು. ಆಗಲೂ ಹ್ಯಾಕ್ ಆಗಿರಲಿಲ್ಲ. ದುರಸ್ತಿ ಕೆಲಸದ ವೇಳೆ ಆದ ಸ್ವಂತ ತಪ್ಪು ಎಂದು ಕಂಪನಿ ಹೇಳಿತು.

‘ಹೊಸ ಲಿಂಕ್’ ಮೆಸೇಜ್ ಬಂದರೆ?

ಸರ್ವರ್ ಬದಲಾದಾಗ ಹಿಂದಿನ ಐಪಿ ವಿಳಾಸ ಬದಲಾಗುತ್ತದೆ, ನೀವು ಟೈಪ್ ಮಾಡುವ ಹೆಸರು ಬದಲಾಗುವುದಿಲ್ಲ. ಹಾಗಾಗಿ ‘ಸರ್ವರ್ ಬದಲಾಗುವವರೆಗೆ ಇಲ್ಲಿ ಹಣ ಕಟ್ಟಿ’ ಎಂದು ಬೇರೆ ಹೆಸರಿನ ಲಿಂಕ್ ಬಂದರೆ ಅನುಮಾನಿಸಲೇಬೇಕು. ಹೆಸರೇ ಬದಲಾಗುವುದೂ ಉಂಟು. ಕರ್ನಾಟಕ ಸರ್ಕಾರದ ಎಷ್ಟೋ ಇಲಾಖೆಗಳು ‘ಕರ್ ಡಾಟ್ ಎನ್‌ಐಸಿ ಡಾಟ್ ಇನ್’ ಬಿಟ್ಟು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ಗೆ ಬಂದಿವೆ. ಆದರೆ ‘ಗವ್ ಡಾಟ್ ಇನ್’ ಎಂದು ಕೊನೆಯಾಗುವ ಹೆಸರು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಶಾಲೆಯದಾದರೆ ಲಿಂಕ್ ಒತ್ತುವ ಮೊದಲು ನಿಮ್ಮಲ್ಲಿ ಮೊದಲಿಂದ ಇರುವ ನಂಬರಿಗೇ ಫೋನ್ ಮಾಡಿ ಕೇಳಿ. ಹಣ ಈಗಾಗಲೇ ಹೋಗಿದ್ದರೆ 48 ಗಂಟೆ ಕಾಯಬೇಡಿ. ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಜೊತೆಗೆ ನಿಮ್ಮ ಬ್ಯಾಂಕಿಗೆ ಕರೆ ಮಾಡಿ.