ಹಂದಿಗೋಡು ವ್ಯಾಧಿ: ಚಪ್ಪೆಯ ಕೀಲಿನ ರಚನೆಯೂ ಅದರ ವಿಕೃತಿಯೂ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿಗೆ ಸೇರಿದ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ವೈದ್ಯರ ಗಮನಕ್ಕೆ ಬಂದು, ತರುವಾಯ ಆ ಗ್ರಾಮದ ಹೆಸರಿನಿಂದಲೇ ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧವಾದ ಅಸ್ಥಿರೋಗವು, ಮಲೆನಾಡಿನ ಕೃಷಿಕಾರ್ಮಿಕ ಕುಟುಂಬಗಳನ್ನು ತಲೆಮಾರುಗಳಿಂದ ಪೀಡಿಸುತ್ತ ಬಂದಿದೆ. ಮೊದಲು ಚಪ್ಪೆಯಲ್ಲಿಯೂ ಮೊಣಕಾಲಿನಲ್ಲಿಯೂ ನೋವು, ಅನಂತರ ಎರಡು ಬದಿಗೂ ತೂಗಾಡುವ ನಡಿಗೆ, ಕಡೆಗೆ ಕೋಲೂರದೆ ಹೆಜ್ಜೆಯಿಡಲಾಗದ ಅವಸ್ಥೆ. ತೀವ್ರವಾಗಿ ಪೀಡಿತರಾದವರು ನೆಲದ ಮೇಲೆ ತೆವಳಿಯೇ ಚಲಿಸಬೇಕಾಗುತ್ತದೆ. ಇದನ್ನು ಆರಂಭದಲ್ಲಿ ಸಂಧಿವಾತದ ವರ್ಗಕ್ಕೆ ಸೇರಿಸಿದರಾದರೂ, ಇದರ ಮೂಲವು ಸವೆದ ಕೀಲಿನಲ್ಲಿರದೆ ಬೆಳೆಯುವ ಎಲುಬಿನಲ್ಲಿದೆ ಎಂಬುದನ್ನು ಅಂಗರಚನೆಯ ಆಧಾರದಿಂದ ತೋರಿಸುವುದೇ ಈ ಲೇಖನದ ಉದ್ದೇಶ.

ವಯಸ್ಕನ ದೇಹದಲ್ಲಿರುವ 206 ಎಲುಬುಗಳ ಪೈಕಿ ಅತ್ಯಂತ ದೀರ್ಘವಾದ ತೊಡೆಯೆಲುಬು, ತನ್ನ ಗುಂಡಾದ ಶಿರಸ್ಸನ್ನು ಚಪ್ಪೆಮೂಳೆಯ ಗುಳಿಯೊಳಗಿಟ್ಟು ನಿಂತಿರುವ ಸ್ಥಾನವೇ ಈ ಕೀಲು. ಗುಳಿಯು ಹುಟ್ಟಿನಿಂದಲೇ ಅಖಂಡವಾದುದಲ್ಲ. ಮೂರು ಪ್ರತ್ಯೇಕ ಎಲುಬುಗಳು ಅದರ ತಳದಲ್ಲಿ ಮೂರು ಕವಲಿನ ಮೃದ್ವಸ್ಥಿಯೊಂದರ ಮೂಲಕ ಸಂಧಿಸಿ, ಹದಿಹರೆಯದಲ್ಲಷ್ಟೇ ಒಂದಾಗಿ ಬೆಸೆದುಕೊಳ್ಳುತ್ತವೆ. ತೊಡೆಯೆಲುಬಿನ ಶಿರಸ್ಸಾದರೋ ಶಿಶುವು ಜನಿಸಿದಾಗ ಸಂಪೂರ್ಣವಾಗಿ ಮೃದ್ವಸ್ಥಿಯಿಂದಲೇ ಕೂಡಿದ್ದು, ಕೆಲವು ತಿಂಗಳುಗಳು ಕಳೆದ ಮೇಲೆ ಅದರ ನಡುವೆ ಎಲುಬಿನ ಚಿಕ್ಕ ಕೇಂದ್ರವೊಂದು ಕಾಣಿಸಿಕೊಳ್ಳುತ್ತದೆ. ಶಿರಸ್ಸಿಗೂ ಕಾಂಡಕ್ಕೂ ಮಧ್ಯೆ ಬೆಳವಣಿಗೆಯ ಫಲಕವಿದೆ. ಅದರಲ್ಲಿ ಕೋಶಗಳು ಸಾಲುಗಟ್ಟಿ ವಿಭಜನೆ ಹೊಂದಿ, ಉಬ್ಬಿ, ಕ್ಷಯಿಸಿ, ಸುಣ್ಣದ ಲವಣಗಳು ತುಂಬಿಕೊಂಡ ಆ ಅಚ್ಚಿನ ಮೇಲೆ ಹೊಸ ಎಲುಬು ಹರಡುತ್ತದೆ. ಗುಂಡೂ ಗುಳಿಯೂ ಪರಸ್ಪರ ಒತ್ತಡದಿಂದಲೇ ಒಂದಕ್ಕೊಂದು ಹೊಂದುವ ಆಕಾರವನ್ನು ಪಡೆಯುವುದರಿಂದ, ಈ ಹಂತದಲ್ಲಿ ಒಂದರಲ್ಲುಂಟಾದ ಊನ ಇನ್ನೊಂದಕ್ಕೂ ತಟ್ಟದೆ ಹೋಗದು.

ಈ ಸಂಧಿಯ ಮೇಲೆ ಬೀಳುವ ಭಾರವನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕು. ಮನುಷ್ಯನು ನಡೆಯುವಾಗ ಒಂದು ಕಾಲು ಎತ್ತಿದ ಕ್ಷಣದಲ್ಲಿ ದೇಹದ ಗುರುತ್ವಕೇಂದ್ರವು ಊರಿದ ಕಾಲಿನ ಕೀಲಿನಿಂದ ಒಳಮಗ್ಗುಲಿಗೆ ದೂರವಾಗಿರುತ್ತದೆ. ಶರೀರವು ಆ ಬದಿಗೆ ವಾಲದಂತೆ ಚಪ್ಪೆಯ ಹೊರಮಗ್ಗುಲಿನ ಸ್ನಾಯುಗಳು ಬಲವಾಗಿ ಎಳೆಯಬೇಕು. ಸ್ನಾಯುಗಳ ಸನ್ನೆಯ ಉದ್ದ ಕಡಿಮೆಯಾದುದರಿಂದ ಅವುಗಳ ಸೆಳೆತ ದೇಹಭಾರವನ್ನು ಮೀರುತ್ತದೆ. ಎರಡೂ ಕೂಡಿ ತೊಡೆಯೆಲುಬಿನ ಶಿರಸ್ಸಿನ ಮೇಲೆ ದೇಹಭಾರದ ಎರಡೂವರೆಯಿಂದ ಮೂರು ಪಟ್ಟಿನಷ್ಟು ಒತ್ತಡ ಬೀಳುತ್ತದೆ. ಶಿರಸ್ಸು ಚಪ್ಪಟೆಯಾಗಿ ಗುಳಿ ಆಳವಿಲ್ಲದಾದಾಗ ಇದೇ ಒತ್ತಡ ಕಿರಿದಾದ ಅಂಚೊಂದರ ಮೇಲೆ ಕೇಂದ್ರೀಕೃತವಾಗುತ್ತದೆ. ಸ್ನಾಯುಗಳ ಬಲವೂ ಕುಂದುತ್ತದೆ. ಎತ್ತಿದ ಕಾಲಿನ ಬದಿಯ ಚಪ್ಪೆ ಕೆಳಗೆ ಜಗ್ಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಈ ಲಕ್ಷಣವೇ ಹಂದಿಗೋಡಿನ ತೂಗು ನಡಿಗೆಗೂ ಕಾರಣ.

ಕೀಲನ್ನು ಹೊದೆದ ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಆದುದರಿಂದ ಅದು ಸವೆಯುತ್ತಿರುವವರೆಗೆ ರೋಗಿಗೆ ಏನೂ ತಿಳಿಯದು. ಕೆಳಗಿನ ಎಲುಬಿಗೂ ಕೀಲಿನ ಒಳಪೊರೆಗೂ ಪೆಟ್ಟು ತಾಗಿದ ಮೇಲೆಯೇ ನೋವು. ಚಪ್ಪೆಗೂ ಮೊಣಕಾಲಿಗೂ ಶಾಖೆಗಳನ್ನು ಕೊಡುವ ನರಗಳು ಅವೇ ಆಗಿರುವುದರಿಂದ, ಎಷ್ಟೋ ಜನರು ಚಪ್ಪೆಯ ರೋಗವನ್ನು ಹೊತ್ತು ಮೊಣಕಾಲನ್ನು ತೋರಿಸುತ್ತಾರೆ.

ರೋಗಕಾರಣವನ್ನು ಕುರಿತು ಎದ್ದ ಊಹೆಗಳಲ್ಲಿ, ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಯನ್ನೂ ಮೀನನ್ನೂ ತಿಂದುದರಿಂದ ಹೀಗಾಯಿತೆಂಬುದು ಬಹುವಾಗಿ ಪ್ರಚಾರಕ್ಕೆ ಬಂದಿತು. ಸೈಬೀರಿಯದಲ್ಲಿಯೂ ಚೀನದಲ್ಲಿಯೂ ಕಾಣುವ ಕಾಷಿನ್-ಬೆಕ್ ರೋಗದಂತಹ ಸಂಧಿವಿಕೃತಿಗಳಿಗೆ ಆಹಾರದ ದೋಷದೊಡನೆ ಸಂಬಂಧ ಕಲ್ಪಿಸಿದ್ದುದರಿಂದ ಆ ಶಂಕೆ ಅಸಂಗತವೇನೂ ಅಲ್ಲ. ಆದರೆ ಅದೇ ಊರಿನ ನೀರು ಕುಡಿದು, ಅದೇ ಗದ್ದೆಗಳಲ್ಲಿ ದುಡಿದ ಇತರರನ್ನು ಬಿಟ್ಟು, ತಮ್ಮೊಳಗೇ ವಿವಾಹಸಂಬಂಧ ಬೆಳೆಸುವ ಒಂದೆರಡು ಸಮುದಾಯಗಳಲ್ಲಿ ಮಾತ್ರ, ತಂದೆ ಅಥವಾ ತಾಯಿಯಿಂದ ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಇಳಿದುಬರುವ ಈ ರೋಗದ ಕ್ರಮವು ಪ್ರಬಲ ಗುಣದ ಆನುವಂಶಿಕತೆಯನ್ನೇ ಸೂಚಿಸುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿಹೇಳಬೇಕು. ಪ್ರಬಲ ಗುಣ ಪ್ರಕಟವಾಗಲು ರಕ್ತಸಂಬಂಧದ ವಿವಾಹ ಅಗತ್ಯವಲ್ಲ. ಒಬ್ಬರಿಂದ ಬಂದರೂ ಸಾಕು. ಬಡಜನರ ವಿವಾಹಪದ್ಧತಿಯ ಮೇಲೆ ರೋಗದ ದೋಷವನ್ನು ಹೊರಿಸುವುದು ಶಾಸ್ತ್ರಸಮ್ಮತವೂ ಅಲ್ಲ, ನ್ಯಾಯವೂ ಅಲ್ಲ.

ಈ ವ್ಯಾಧಿ ಮೂರು ರೂಪಗಳಲ್ಲಿ ಕಾಣಿಸುತ್ತದೆ. ಕೆಲವರು ಎತ್ತರದಲ್ಲಿ ಇತರರಂತೆಯೇ ಇದ್ದು ಚಪ್ಪೆಯ ಕೀಲಿನಲ್ಲಿ ಮಾತ್ರ ರೋಗಗ್ರಸ್ತರು. ಕೆಲವರಲ್ಲಿ ಕಶೇರುಗಳು ಚಪ್ಪಟೆಯಾಗಿ ಮುಂಡ ಗಿಡ್ಡವಾಗುತ್ತದೆ. ಇನ್ನು ಕೆಲವರು ಕೈಕಾಲುಗಳ ವಿಕಾರದೊಡನೆ ಕುಬ್ಜರಾಗುತ್ತಾರೆ. ಮೂವರನ್ನು ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ರೋಗವೆಂದು ಹೇಳುವುದು ಕಷ್ಟ. ಆದರೆ ಕ್ಷಕಿರಣಚಿತ್ರದಲ್ಲಿ ಎಲುಬಿನ ತುದಿಗಳ ಅಂಚು ಒರಟಾಗಿರುವುದು, ಶಿರಸ್ಸು ತಗ್ಗಿರುವುದು, ಕಶೇರುವಿನ ಎತ್ತರ ಕುಗ್ಗಿರುವುದು, ಇವೆಲ್ಲ ಬೆಳೆಯುವ ಮೃದ್ವಸ್ಥಿಯ ಒಂದೇ ದೋಷ ಬೇರೆ ಬೇರೆ ಸ್ಥಾನಗಳಲ್ಲಿ ಬಿಟ್ಟುಹೋದ ಗುರುತುಗಳು. ಇದರೊಡನೆ ಹೋಲಿಸಲ್ಪಡುವ ಮ್ಸೆಲೆನಿ ರೋಗವು ದಕ್ಷಿಣ ಆಫ್ರಿಕದ ಜುಲು ಜನರಲ್ಲಿ ಕಂಡುಬಂದು 1970ರಲ್ಲಿ ವರದಿಯಾಯಿತು. ಆದರೆ ಅದರ ಕಾರಣ ನಿರ್ಣೀತವಾಗಿಲ್ಲದ ಕಾರಣ ಹೋಲಿಕೆಯನ್ನು ಅತಿಯಾಗಿ ಎಳೆಯುವುದು ಯುಕ್ತವಲ್ಲ.

ಮೂಲ ಬೆಳವಣಿಗೆಯಲ್ಲಿದೆ ಎಂದಮೇಲೆ, ನೋವು ಬಂದವರನ್ನಷ್ಟೇ ಪರೀಕ್ಷಿಸುವ ಕ್ರಮ ಸಾಲದು. ಪೀಡಿತ ಕುಟುಂಬದ ಮಕ್ಕಳ ಚಪ್ಪೆಯನ್ನೂ ಬೆನ್ನೆಲುಬನ್ನೂ ಎಳವೆಯಲ್ಲಿಯೇ ಪರೀಕ್ಷಿಸಿ, ವರ್ಷಾನುವರ್ಷ ಗಮನಿಸುತ್ತಿರಬೇಕು. ದೋಷವನ್ನು ಬುಡಸಮೇತ ತೆಗೆಯುವ ಔಷಧವಿಲ್ಲ. ತೀರ ಹದಗೆಟ್ಟ ಕೀಲನ್ನು ತೆಗೆದು ಲೋಹದ ಕೀಲನ್ನು ಜೋಡಿಸಿದರೆ ನೋವು ಶಮನವಾಗಿ ನಡಿಗೆ ಸುಧಾರಿಸುತ್ತದೆ ನಿಜ. ಆದರೆ ಆಳವಾಗಿ ಬಗ್ಗುವುದೂ ಕುಕ್ಕುರುಗಾಲಿನಲ್ಲಿ ಕೂರುವುದೂ ಆ ಕೀಲಿಗೆ ಹಿತವಲ್ಲವಾದ್ದರಿಂದ, ಸಸಿ ನೆಟ್ಟು ಕಳೆ ಕಿತ್ತು ಜೀವಿಸುವವರಿಗೆ ಶಸ್ತ್ರಚಿಕಿತ್ಸೆಯೊಡನೆ ಬೇರೊಂದು ಜೀವನೋಪಾಯವನ್ನೂ ಒದಗಿಸಬೇಕಾಗುತ್ತದೆ.